ಕಾಗದದ ಮೇಲಿನ ಪದವಿ

ಪರದೇಶಕ್ಕೆ ಹೋಗುವವರನ್ನು ಬೀಳ್ಕೊಡುವುದು ನಮ್ಮ ಸಮಾಜದ ಮನೆಗಳಲ್ಲಿ ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಓದಲು ಹೋಗುವವರುಂಟು, ಗಣಕಯಂತ್ರದ ಉದ್ಯೋಗಕ್ಕೆ ಹೋಗುವವರುಂಟು. ಇವರಲ್ಲದೆ ಮೂರನೆಯ ಬಗೆಯವರೂ ಇದ್ದಾರೆ. ತಾವು ದುಡಿಯುವ ಕಂಪನಿಯು ಹೊರದೇಶದಲ್ಲಿ ಹೊಸದಾಗಿ ಶಾಖೆ ತೆರೆಯುವಾಗ ಅದರ ಬಾಗಿಲು ತೆಗೆಯಲೆಂದು ಹೋಗುವವರು ಅವರು. ಅವರ ವೀಸಾದ ನಿಯಮ ಬೇರೆ, ಅವರ ಮನೆಯವರ ಕಷ್ಟವೂ ಬೇರೆ. ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗದಿಂದ ಇದು ನಮಗೆ ಮನವರಿಕೆಯಾಯಿತು. ಆ ಪ್ರಸಂಗದಲ್ಲಿ ನಮ್ಮದೂ ಒಂದು ತಪ್ಪಿದೆ. ಅದನ್ನು ಮುಚ್ಚಿಡದೆ ಓದುಗ ಬಂಧುಗಳ ಮುಂದೆ ಇಡುವುದು ಉಚಿತವೆಂದು ಭಾವಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮ ಅಣ್ಣನವರು ಲಿಂಗೈಕ್ಯರಾದ ಮೇಲೆ ಅವರ ಮಗನ ಹಿತಾಹಿತ ನೋಡುವ ಹೊಣೆ ನಮ್ಮ ಮೇಲೆ ಬಿತ್ತು. ಹುಡುಗ ಇಂಜಿನಿಯರಿಂಗ್ ಓದಿ ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತಿದ್ದ. ಅದು ಹೈಡ್ರಾಲಿಕ್ ಯಂತ್ರಗಳಿಗೆ ವಾಲ್ವ್ ತಯಾರಿಸುವ ಕಾರ್ಖಾನೆ. ೨೦೧೮ರ ದೀಪಾವಳಿಯ ಸುಮಾರಿಗೆ ಅದರ ಮಾಲೀಕರು ಅಮೆರಿಕದ ಡೆಟ್ರಾಯಿಟ್ ನಗರದ ಬಳಿ ಒಂದು ಶಾಖೆ ತೆರೆಯಲು ನಿಶ್ಚಯಿಸಿದರು. ಮೊದಲು ಹೋಗಬೇಕಾದವನು ನಮ್ಮ ಹುಡುಗನೇ ಎಂದು ತೀರ್ಮಾನವಾಯಿತು. ಮನೆಯಲ್ಲಿ ಸಂತೋಷಕ್ಕೆ ಪಾರವಿರಲಿಲ್ಲ.

ಇಂಥವರಿಗೆಂದು ಅಮೆರಿಕದಲ್ಲಿ ಎಲ್-೧ ಎಂಬ ವೀಸಾ ಇದೆ. ೧೯೭೦ರಲ್ಲಿ ಕಾನೂನು ಮಾಡಿ ಇದನ್ನು ಜಾರಿಗೆ ತಂದರು. ಒಂದು ಕಂಪನಿಯ ನೌಕರನನ್ನು ಅದೇ ಕಂಪನಿಯ ಅಮೆರಿಕದ ಶಾಖೆಗೆ ವರ್ಗ ಮಾಡುವುದಕ್ಕೆ ಮಾತ್ರ ಇದು ಸಲ್ಲುತ್ತದೆ. ನಮ್ಮವರಿಗೆ ಹೆಚ್ಚು ಪರಿಚಿತವಾದ ಎಚ್-೧ಬಿ ವೀಸಾಕ್ಕೆ ವರ್ಷಕ್ಕೆ ೬೫,೦೦೦, ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಮತ್ತೆ ೨೦,೦೦೦ ಎಂಬ ಮಿತಿಯುಂಟು. ಎಲ್-೧ಕ್ಕೆ ಅಂಥ ವಾರ್ಷಿಕ ಮಿತಿಯಿಲ್ಲ. ಆದರೆ ಬೇರೆ ಕಟ್ಟುಗಳಿವೆ. ಹೋಗುವವನು ಹಿಂದಿನ ಮೂರು ವರ್ಷಗಳಲ್ಲಿ ಒಂದು ವರ್ಷವಾದರೂ ಎಡೆಬಿಡದೆ ಆ ಕಂಪನಿಯಲ್ಲಿ ಹೊರದೇಶದಲ್ಲಿ ದುಡಿದಿರಬೇಕು. ಶಾಖೆ ಹೊಸದಾದರೆ, ಅರ್ಜಿ ಹಾಕುವ ಮೊದಲೇ ಅಲ್ಲಿ ಜಾಗ ಹಿಡಿದು ತೋರಿಸಬೇಕು. ಆದಕಾರಣ ನಮ್ಮ ಹುಡುಗ ಇನ್ನೂ ಬೆಳಗಾವಿಯಲ್ಲಿರುವಾಗಲೇ ಡೆಟ್ರಾಯಿಟ್ ಬಳಿಯ ಬರಿದಾದ ಶೆಡ್ಡೊಂದಕ್ಕೆ ಕಂಪನಿಯವರು ತಿಂಗಳ ಬಾಡಿಗೆ ಕಟ್ಟುತ್ತಿದ್ದರು.

ಈ ವೀಸಾದಲ್ಲಿ ಎರಡು ಬಗೆ. ಕಂಪನಿಯನ್ನೋ ಅದರ ಒಂದು ವಿಭಾಗವನ್ನೋ ನಡೆಸುವ ಮ್ಯಾನೇಜರರಿಗೆ ಮತ್ತು ಮೇಲಧಿಕಾರಿಗಳಿಗೆ ಎಲ್-೧ಎ. ಕಂಪನಿಯ ಸರಕು ಅಥವಾ ತಯಾರಿಕೆಯ ಕ್ರಮದಲ್ಲಿ ಬೇರೆಯವರಿಗಿಲ್ಲದ ವಿಶೇಷ ಜ್ಞಾನವುಳ್ಳವರಿಗೆ ಎಲ್-೧ಬಿ. ಹೊಸ ಶಾಖೆಗೆ ಹೋಗುವ ಇಬ್ಬರಿಗೂ ಮೊದಲು ಸಿಗುವುದು ಒಂದೇ ವರ್ಷ. ಬಳಿಕ ಎರಡೆರಡು ವರ್ಷದಂತೆ ಬೆಳೆಸುತ್ತ ಹೋದರೆ ಮೊದಲನೆಯವನಿಗೆ ಒಟ್ಟು ೭ ವರ್ಷ, ಎರಡನೆಯವನಿಗೆ ೫ ವರ್ಷ. ಮೊದಲನೆಯವನಿಗೆ ಮುಂದೆ ಅಲ್ಲಿಯೇ ಖಾಯಂ ಆಗಿ ನೆಲೆಸುವ ಹಾದಿಯೂ ಹೆಚ್ಚು ಸುಗಮ. ಎಲ್ಲರ ಕಣ್ಣು ಮೊದಲನೆಯದರ ಮೇಲೆ ಬೀಳುವುದು ಸಹಜವೇ.

ಮಾಲೀಕರು ಒಂದು ಸಂಜೆ ನಮ್ಮ ಮನೆಗೆ ಬಂದರು. ಸಜ್ಜನರು. "ಶಾಸ್ತ್ರಿಗಳೇ, ಹುಡುಗನ ಅನುಭವ ಪತ್ರದಲ್ಲಿ ಮ್ಯಾನೇಜರ್ ಎಂದು ಬರೆಸುತ್ತಿದ್ದೇವೆ. ಅವನು ಯಾಕೋ ಹಿಂದೆಮುಂದೆ ನೋಡುತ್ತಿದ್ದಾನೆ. ನೀವೊಂದು ಮಾತು ಹೇಳಿದರೆ ಒಪ್ಪುತ್ತಾನೆ. ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಸಾಹೇಬರೆಂದೇ ಕರೆಯುತ್ತಾರಲ್ಲ" ಎಂದರು. ನಾವು ಹೆಚ್ಚು ಯೋಚಿಸಲಿಲ್ಲ. ಅಣ್ಣನವರು ಬಿಟ್ಟುಹೋದ ಸಾಲ ಕಣ್ಣ ಮುಂದೆ ಇತ್ತು, ಅತ್ತಿಗೆಯವರ ಆಸೆಯೂ ತಿಳಿದಿತ್ತು. "ಒಂದು ಪದಕ್ಕೇನಾಯಿತು, ಹೇಳುತ್ತೇವೆ" ಎಂದೆವು. ಮೇಲೆ ಹೇಳಿದ ನಮ್ಮ ತಪ್ಪು ಇದೇ. ನಲವತ್ತು ವರ್ಷ ಪದಗಳ ಅರ್ಥವನ್ನೇ ಪಾಠ ಹೇಳುತ್ತ ಬಂದ ನಾವು ಪದವನ್ನು ಅಷ್ಟು ಅಗ್ಗವಾಗಿ ಕೊಟ್ಟುಬಿಟ್ಟೆವು.

ಅಂದು ರಾತ್ರಿ ಹುಡುಗ ಕಾಗದಗಳ ಕಟ್ಟನ್ನು ಹಿಡಿದು ಬಂದ. ವಿಭಾಗದ ವಾರ್ಷಿಕ ಖರ್ಚನ್ನು ನಿಗದಿ ಮಾಡುವುದು, ನೌಕರರನ್ನು ನೇಮಿಸುವುದು, ತೆಗೆಯುವುದು, ಕೈಕೆಳಗಿನ ಅಧಿಕಾರಿಗಳ ಮೇಲ್ವಿಚಾರಣೆ - ಹೀಗೆ ಅವನ ಕರ್ತವ್ಯಗಳ ಪಟ್ಟಿಯೇ ಅದರಲ್ಲಿತ್ತು. ನಾವು ಓದಿ, "ಇದುವರೆಗೆ ಎಷ್ಟು ಜನರನ್ನು ನೇಮಿಸಿಕೊಂಡಿದ್ದೀ?" ಎಂದು ಕೇಳಿದೆವು. ಅವನು ನಕ್ಕುಬಿಟ್ಟ. "ನನ್ನ ರಜಾನ ನಾ ಮಂಜೂರ ಮಾಡ್ಕೊಳ್ಳಾಕ ಬರಂಗಿಲ್ಲ ಕಾಕಾ, ಇನ್ನ ಮಂದೀನ ಎಲ್ಲಿ ತಗೊಳ್ಳಲಿ?" ಎಂದ. ನಗು ನಿಂತ ಮೇಲೆ ತಲೆ ತಗ್ಗಿಸಿ, "ನೀವು ಸಹಿ ಮಾಡಂದ್ರ ಮಾಡ್ತೀನ್ರಿ" ಎಂದ. ಆ ಮಾತು ನಮ್ಮನ್ನು ಚುಚ್ಚಿತು.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ತರ್ಕಶಾಸ್ತ್ರ ಓದುವಾಗ ಗುರುಗಳು ಲಕ್ಷಣ ಹೇಳುವ ಕ್ರಮವನ್ನು ಹಸುವಿನ ದೃಷ್ಟಾಂತದಿಂದ ಕಲಿಸಿದ್ದರು. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಗೂ ಆ ಮಾತು ಹೋಗಿ ತಗಲುತ್ತದೆ, ಅದು ಅತಿವ್ಯಾಪ್ತಿ. ಕಂದು ಬಣ್ಣದ್ದು ಹಸು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಒಂಟಿ ಗೊರಸಿನದು ಹಸು ಎಂದರೆ ಯಾವ ಹಸುವಿಗೂ ಸಲ್ಲದು, ಅದು ಅಸಂಭವ. ಕೊರಳ ಕೆಳಗೆ ಗಂಗೆದೊಗಲು ಉಳ್ಳದ್ದು ಎಂದರೆ ಮಾತ್ರ ಲಕ್ಷಣ ನಿಲ್ಲುತ್ತದೆ. ಅಂದು ರಾತ್ರಿ ಹುಡುಗನಿಂದ ವೀಸಾದ ನಿಯಮವನ್ನು ಓದಿಸಿ ಅರ್ಥ ಹೇಳಿಸಿಕೊಂಡಾಗ, ಅದನ್ನು ಬರೆದವರೂ ಲಕ್ಷಣಕಾರರೇ ಎಂದು ನಮಗೆ ತೋರಿತು. ಹತ್ತು ಜನರಿಗೆ ಕೆಲಸ ಹೇಳಿದ ಮಾತ್ರಕ್ಕೆ ಒಬ್ಬನು ಮ್ಯಾನೇಜರ್ ಆಗಲಾರ. ಕೆಲಸಗಾರರ ಮೇಲಿನ ಮೊದಲ ಹಂತದ ಸುಪರ್‌ವೈಸರನು, ಆ ಕೆಲಸಗಾರರು ಪದವಿ ಬೇಕಾದ ವೃತ್ತಿಯವರಾಗಿದ್ದ ಹೊರತು, ಆ ಲಕ್ಷಣಕ್ಕೆ ಒಳಪಡುವುದಿಲ್ಲವೆಂದು ನಿಯಮವೇ ಬಿಡಿಸಿ ಹೇಳುತ್ತದೆ. ಹೊಸ ಶಾಖೆಯ ಎಲ್-೧ಎಗೆ, ಹಿಂದೆ ದುಡಿದ ಆ ಒಂದು ವರ್ಷವೂ ಮ್ಯಾನೇಜರ್ ಅಥವಾ ಮೇಲಧಿಕಾರಿಯ ಕೆಲಸದಲ್ಲಿಯೇ ಕಳೆದಿರಬೇಕು. ನಮ್ಮ ಹುಡುಗನ ಕೈಕೆಳಗೆ ಇದ್ದವರು ಲೇಥ್ ನಡೆಸುವ ಹನ್ನೊಂದು ಜನ. ಅವನನ್ನು ಮ್ಯಾನೇಜರ್ ಎನ್ನುವುದು ಎಮ್ಮೆಯನ್ನು ಹಸು ಎಂದಂತೆ. ಎಮ್ಮೆಯ ಹಾಲು ಕಡಿಮೆಯದಲ್ಲ. ಆದರೆ ಹೆಸರು ಸುಳ್ಳು.

ಸುಳ್ಳಿನ ಬೆಲೆಯೂ ಸಣ್ಣದಲ್ಲ. ಮುಖ್ಯವಾದ ಸಂಗತಿಯನ್ನು ಬೇಕೆಂದೇ ತಪ್ಪಾಗಿ ಹೇಳಿ ವೀಸಾ ಪಡೆಯಲು ಯತ್ನಿಸಿದವನಿಗೆ ಆ ದೇಶದ ಬಾಗಿಲು ಜೀವಮಾನವೆಲ್ಲ ಮುಚ್ಚಿಹೋಗಬಹುದು. ಅರ್ಜಿ ಕಂಪನಿಯದು, ಆದರೆ ವೀಸಾದ ಕಿಟಕಿಯ ಮುಂದೆ ನಿಂತು ಉತ್ತರ ಕೊಡಬೇಕಾದವನು ಹುಡುಗ.

"ಹಾಗಾದರೆ ನಿನ್ನನ್ನೇ ಯಾಕೆ ಕಳುಹಿಸುತ್ತಾರೆ?" ಎಂದು ಕೇಳಿದೆವು. ಅವನು ತಡವಿಲ್ಲದೆ ಹೇಳಿದ: ಆ ವಾಲ್ವಿನ ಒಳಗೆ ಎಣ್ಣೆ ಸೋರದಂತೆ ಕೂರಿಸುವ ಕ್ರಮವನ್ನು ಕಾರ್ಖಾನೆಯವರೇ ಕಂಡುಕೊಂಡದ್ದು, ಅದನ್ನು ಪೂರ್ತಿ ಬಲ್ಲವರು ಇಬ್ಬರೇ, ಇನ್ನೊಬ್ಬರು ನಿವೃತ್ತಿಯ ಅಂಚಿನಲ್ಲಿದ್ದಾರೆ. ಅವನ ಗಂಗೆದೊಗಲು ಅಲ್ಲಿತ್ತು! ಎಲ್-೧ಬಿ ಎಂಬ ಎರಡನೆಯ ಬಾಗಿಲು ಇಂಥವನಿಗಾಗಿಯೇ ಇತ್ತು. ಮರುದಿನ ಬೆಳಿಗ್ಗೆ ನಾವೇ ಮಾಲೀಕರ ಮನೆಗೆ ಹೋಗಿ, ನಿನ್ನೆ ಕೊಟ್ಟ ಮಾತನ್ನು ಹಿಂತೆಗೆದುಕೊಂಡೆವು. ಅವರಿಗೆ ಬೇಸರವಾಯಿತು. ಆದರೂ ಅಮೆರಿಕದ ವಕೀಲರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿ ಅರ್ಜಿಯನ್ನು ಬದಲಿಸಿ ಬರೆಸಿದರು. ಅರ್ಜಿ ಮಂಜೂರಾಯಿತು, ಚೆನ್ನೈಯಲ್ಲಿ ಸಂದರ್ಶನವಾಯಿತು, ೨೦೧೯ರ ಮಾರ್ಚಿನಲ್ಲಿ ಹುಡುಗ ಹೊರಟ.

ಆ ವರ್ಷವೇ ಒಮ್ಮೆ ಮುನ್ಸೂಚನೆಯಿಲ್ಲದೆ ಅಲ್ಲಿನ ಅಧಿಕಾರಿಯೊಬ್ಬರು ಶೆಡ್ಡಿಗೆ ಬಂದರಂತೆ. ಅರ್ಜಿಯಲ್ಲಿ ಬರೆದ ಕೆಲಸ ನಿಜವಾಗಿ ನಡೆದಿದೆಯೇ ಎಂದು ನೋಡಲು ಹೀಗೆ ಬರುವುದುಂಟು. ಹುಡುಗನ ಎರಡೂ ಕೈಗೆ ಎಣ್ಣೆ ಹತ್ತಿತ್ತು. ಕೈ ಒರೆಸಿಕೊಂಡು, ಬಿಚ್ಚಿದ ವಾಲ್ವನ್ನು ತೋರಿಸಿ ತನ್ನ ಕೆಲಸವನ್ನು ವಿವರಿಸಿದನಂತೆ. ಫೋನಿನಲ್ಲಿ ಇದನ್ನು ಹೇಳಿ, "ಕಾಕಾ, ಅವತ್ತ ಮ್ಯಾನೇಜರ್ ಅಂತ ಬರಿಸಿದ್ರ ಈ ಕೈ ಎಲ್ಲಿ ಮುಚ್ಚಿಡ್ತಿದ್ದೆ?" ಎಂದ. ನಾವು ಮೌನವಾಗಿ ಗುರುಗಳನ್ನು ನೆನೆದೆವು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಓದುಗರಿಗೆ ಸತ್ಯದ ಅರ್ಧವನ್ನೇ ಹೇಳಿದಂತಾಗುತ್ತದೆ. ಹುಡುಗ ಹೊರಟಾಗ ಅವನ ಮಗಳಿಗೆ ನಾಲ್ಕು ವರ್ಷ. ಹೆಂಡತಿ ಮಕ್ಕಳಿಗೆ ಎಲ್-೨ ವೀಸಾ ದೊರೆಯುತ್ತಿತ್ತು. ಆದರೆ ಒಂದು ವರ್ಷದ ಕಾಗದವನ್ನು ನಂಬಿ ಮನೆ ಕಿತ್ತುವುದು ಬೇಡ, ಶಾಖೆ ನಿಂತು ಅವಧಿ ಬೆಳೆದ ಮೇಲೆ ಹೋಗಲಿ ಎಂದು ಹಿರಿಯರೆಲ್ಲ ಕೂಡಿ ನಿಶ್ಚಯಿಸಿದೆವು. ಶಾಖೆ ಒಂದು ವರ್ಷ ನಿಜವಾಗಿ ವ್ಯಾಪಾರ ಮಾಡಿದ ಲೆಕ್ಕಪತ್ರ ತೋರಿಸಿ ೨೦೨೦ರ ವಸಂತದಲ್ಲಿ ಎರಡು ವರ್ಷದ ಮುಂದುವರಿಕೆ ಪಡೆದದ್ದೂ ಆಯಿತು. ಅಷ್ಟರಲ್ಲಿ ಕೊರೋನಾ ವ್ಯಾಧಿ ಬಂದಿತು. ಮಾರ್ಚಿನಲ್ಲಿಯೇ ಭಾರತದಲ್ಲಿನ ಅಮೆರಿಕದ ವೀಸಾ ಕಚೇರಿಗಳು ನಿತ್ಯದ ಸಂದರ್ಶನಗಳನ್ನು ನಿಲ್ಲಿಸಿದ್ದವು. ಜೂನ್ ೨೨ರಂದು ಅಲ್ಲಿನ ಅಧ್ಯಕ್ಷರ ಘೋಷಣೆ ಹೊರಬಿದ್ದು, ಹೊಸದಾಗಿ ಎಲ್ ವೀಸಾದ ಮೇಲೆ ಬರುವವರ ಪ್ರವೇಶವನ್ನೇ ತಡೆಯಿತು. ಅದು ೨೦೨೧ರ ಮಾರ್ಚ್ ೩೧ಕ್ಕೆ ಮುಗಿಯಿತೆನ್ನುವಾಗ, ಮೇ ೪ರಿಂದ ಭಾರತದಿಂದ ಬರುವವರಿಗೆ ಬೇರೊಂದು ನಿರ್ಬಂಧ. ಅದು ತೆರವಾದದ್ದು ನವೆಂಬರ್ ೮ರಂದು. ಹುಡುಗ ಇಲ್ಲಿಗೆ ಬಂದರೆ ಮರಳಿ ಹೋಗುವ ಭರವಸೆಯಿಲ್ಲ. ಇವರು ಅಲ್ಲಿಗೆ ಹೋಗುವಂತಿಲ್ಲ. ಸೊಸೆ ಮಗಳನ್ನು ಕರೆದುಕೊಂಡು ವಿಮಾನ ಹತ್ತಿದ್ದು ೨೦೨೨ರ ಜನವರಿಯಲ್ಲಿ. ಆಗ ಮಗುವಿಗೆ ಏಳು ವರ್ಷ ತುಂಬುತ್ತಿತ್ತು. ವಿಮಾನ ನಿಲ್ದಾಣದಲ್ಲಿ ತಂದೆಯನ್ನು ಕಂಡು ತಾಯಿಯ ಸೆರಗಿನ ಹಿಂದೆ ನಿಂತಿತಂತೆ.

೨೦೨೧ರ ನವೆಂಬರಿನಿಂದ ಎಲ್-೧ ನೌಕರರ ಪತಿ ಅಥವಾ ಪತ್ನಿ ಬೇರೆ ಅನುಮತಿ ಪತ್ರಕ್ಕೆ ಕಾಯದೆ ಅಲ್ಲಿ ಉದ್ಯೋಗ ಮಾಡಬಹುದೆಂದಾಯಿತು. ನಮ್ಮ ಸೊಸೆ ವಾಣಿಜ್ಯ ಪದವೀಧರೆ. ಆ ಶಾಖೆಯ ಜಮಾಖರ್ಚನ್ನು ಅವಳೇ ಬರೆಯತೊಡಗಿದಳು. ಸಂಸಾರ ಒಂದು ಹದಕ್ಕೆ ಬಂದಿತೆನ್ನುವಾಗ ೨೦೨೪ರ ಮಾರ್ಚಿನಲ್ಲಿ ಐದು ವರ್ಷ ತುಂಬಿತು. ಮೂವರೂ ಬೆಳಗಾವಿಗೆ ಮರಳಿದರು. ಹುಡುಗನಿಂದ ಕೆಲಸ ಕಲಿತ ಅಲ್ಲಿಯ ಜನರೇ ಈಗ ಶಾಖೆಯನ್ನು ನಡೆಸುತ್ತಿದ್ದಾರೆ.

ಮರಳಿದ ಕೆಲವು ದಿನಗಳ ಮೇಲೆ ಸೊಸೆ ನಮ್ಮ ಮುಂದೆ ಕುಳಿತು, ಕೋಪವಿಲ್ಲದೆ, "ಮಾವನವರೇ, ಅಂದು ಆ ಒಂದು ಪದ ಬರೆಯಲು ಬಿಟ್ಟಿದ್ದರೆ ನಮಗೆ ಇನ್ನೂ ಎರಡು ವರ್ಷ ಸಿಗುತ್ತಿತ್ತು" ಎಂದಳು. ಅವಳ ಮಾತಿನಲ್ಲಿ ನ್ಯಾಯವಿದೆ. ಐದು ವರ್ಷದಲ್ಲಿ ಸುಮಾರು ಮೂರು ವರ್ಷ ಅವಳು ಗಂಡನಿಲ್ಲದೆ ಕಳೆದಳು. ಸತ್ಯವನ್ನು ಬರೆಸಿದವರು ನಾವು, ಬೆಲೆ ತೆತ್ತವಳು ಅವಳು. "ತಂಗಿ, ಆ ಎರಡು ವರ್ಷದಲ್ಲಿ ಬಾಗಿಲು ಬಡಿದಾಗಲೆಲ್ಲ ನಿನಗೆ ಎದೆ ನಡುಗುತ್ತಿತ್ತು" ಎಂದಷ್ಟೇ ಹೇಳಿದೆವು. ಅವಳು ಒಪ್ಪಿದಳೆಂದು ನಾವು ಹೇಳಲಾರೆವು. ಒಂದು ಸಂಗತಿಯಲ್ಲಿ ಮಾತ್ರ ತಪ್ಪು ಪೂರ್ತಿ ಹಿರಿಯರಾದ ನಮ್ಮದೇ: ಮೊದಲ ವರ್ಷವೇ ತಾಯಿ ಮಗುವನ್ನು ಕಳುಹಿಸದೆ ಹೋದದ್ದು. ಕಾಗದದ ಅವಧಿ ಚಿಕ್ಕದೆಂದು ನಾವು ಕಾಯಿಸಿದೆವು. ಕಾಲ ನಮಗಾಗಿ ಕಾಯಲಿಲ್ಲ.

ಇದು ಒಂದೇ ದೇಶದ ಮಾತಲ್ಲ. ಬ್ರಿಟನ್ನಿನಲ್ಲಿಯೂ ಹೊರಗಿನ ಕಂಪನಿಯ ಏಕೈಕ ಪ್ರತಿನಿಧಿಯಾಗಿ ಹೋಗಿ, ಕಾಲಕ್ರಮದಲ್ಲಿ ಅಲ್ಲಿಯೇ ನೆಲೆಸುವ ಅವಕಾಶವಿದ್ದ ಹಳೆಯ ವೀಸಾವನ್ನು ೨೦೨೨ರ ಏಪ್ರಿಲ್ ೧೧ರಂದು ಹೊಸಬರಿಗೆ ನಿಲ್ಲಿಸಿದರು. ಅದರ ಬದಲು ಬಂದ ಎಕ್ಸ್‌ಪ್ಯಾನ್ಷನ್ ವರ್ಕರ್ ವೀಸಾದಲ್ಲಿ ಒಬ್ಬನು ಹೆಚ್ಚೆಂದರೆ ಎರಡು ವರ್ಷ ಇರಬಹುದು. ಖಾಯಂ ನೆಲೆಗೆ ಅದು ನೇರ ದಾರಿಯಲ್ಲ. ಶಾಖೆ ತೆರೆಯಲು ಹೋಗುವವನನ್ನು ಆಯಾ ದೇಶದವರು ಮರಳಿ ಹೋಗುವ ಅತಿಥಿಯೆಂದೇ ಎಣಿಸಿದ್ದಾರೆ. ನಾವು ಮನೆಯಲ್ಲಿ ಅವನನ್ನು ನೆಲೆಸಲು ಹೋದವನೆಂದು ಎಣಿಸಿದರೆ ನಿರಾಸೆ ತಪ್ಪಿದ್ದಲ್ಲ.

ಆದಕಾರಣ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮನೆಯ ಹುಡುಗನೋ ಹುಡುಗಿಯೋ ಇಂಥ ಕೆಲಸಕ್ಕೆ ಹೊರಟರೆ, ಕಂಪನಿ ಬರೆದುಕೊಟ್ಟ ಕರ್ತವ್ಯಗಳ ಪಟ್ಟಿಯನ್ನು ಸಹಿಗೆ ಮುನ್ನ ಮನೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಓದುವಾಗ ಅವರಿಗೇ ನಗು ಬರುವ ಸಾಲು ಇದ್ದರೆ ಅದನ್ನು ತೆಗೆಸಿರಿ. ಅವರು ನಿಜವಾಗಿ ಬಲ್ಲ ಕೆಲಸವೇನೆಂದು ಕೇಳಿ, ಅದಕ್ಕೆ ತಕ್ಕ ಬಾಗಿಲನ್ನೇ ಹುಡುಕಿಸಿರಿ. ಉದ್ಯಮ ನಡೆಸುವ ಬಂಧುಗಳು ಒಂದು ಮಾತು ನೆನಪಿಡಬೇಕು: ನೀವು ಕೊಡುವ ದೊಡ್ಡ ಹೆಸರಿನ ಭಾರವನ್ನು ಪರದೇಶದಲ್ಲಿ ಒಬ್ಬಂಟಿಯಾಗಿ ಹೊರಬೇಕಾದವನು ನಿಮ್ಮ ನೌಕರ.

ನಮ್ಮ ಹುಡುಗ ಈಗ ಅದೇ ಕಾರ್ಖಾನೆಯಲ್ಲಿದ್ದಾನೆ. ಹೋದ ಯುಗಾದಿಗೆ ಮಾಲೀಕರು ಅವನಿಗೆ ಒಂದು ವಿಭಾಗವನ್ನೇ ಒಪ್ಪಿಸಿದರು. ಈಗ ಅವನು ನಿಜವಾಗಿ ಮ್ಯಾನೇಜರ್. ಆದೇಶ ಪತ್ರ ತಂದು ನಮ್ಮ ಕೈಗಿತ್ತಾಗ, ಹಳೆಯ ನೆನಪಿನಿಂದ, ಅದರಲ್ಲಿ ಬರೆದ ಕರ್ತವ್ಯಗಳನ್ನು ಗಟ್ಟಿಯಾಗಿ ಓದೆಂದೆವು. ಓದಿದ. ಈ ಸಲ ನಗಲಿಲ್ಲ.