ಮೈನಸ್ 18

ಹೋದ ವರ್ಷ ಮೇ ತಿಂಗಳ ಒಂದು ಶನಿವಾರ ರಾತ್ರಿ ಠಾಣೆಯಿಂದ ಚಿಕ್ಕಪ್ಪನ ಫೋನು. "ಮಾರಾಯ, ಫ್ರೀಜರ್ ಕೋಣೆ ಮೈನಸ್ 12ಕ್ಕೇ ನಿಂತುಬಿಟ್ಟಿದೆ. ಮೆಕ್ಯಾನಿಕ್ ಬರೋದು ನಾಳೆ ಬೆಳಿಗ್ಗೆಯಂತೆ. ನೀನು ಇಂಜಿನಿಯರ್ ಅಲ್ವಾ, ಒಮ್ಮೆ ಬಂದು ನೋಡು."

ನಾನು ಬರೆಯುವುದು ಸಾಫ್ಟ್‌ವೇರ್. ಆದರೂ ಮುಲುಂಡಿನಿಂದ ರಿಕ್ಷಾ ಹತ್ತಿದೆ.

ಮದುವೆಗಳಿಗೆ ಐಸ್‌ಕ್ರೀಮ್ ಒದಗಿಸುವುದು ಚಿಕ್ಕಪ್ಪನ ವ್ಯಾಪಾರ. ಆಳು ಒಳಗೆ ನಡೆದು ಹೋಗುವಷ್ಟು ದೊಡ್ಡ ಫ್ರೀಜರ್. ಮೈನಸ್ 18 ಡಿಗ್ರಿ ಇರಬೇಕು. ಹೋದವನೇ ಥರ್ಮೋಸ್ಟಾಟನ್ನು ಮೈನಸ್ 25ಕ್ಕೆ ಇಳಿಸಿದೆ, ಬೇಗ ತಣ್ಣಗಾಗಲಿ ಎಂದು. ಡಬ್ಬಗಳನ್ನು ಪರಿಚಯದ ಹೋಟೆಲಿನ ಫ್ರೀಜರಿಗೆ ಸಾಗಿಸೋಣವೇ ಎಂದು ಚಿಕ್ಕಪ್ಪ ಕೇಳಿದರು. "ಬೇಡ, ಬೆಳಿಗ್ಗೆಗೆ ಸರಿಹೋಗ್ತದೆ" ಅಂದೆ.

ಬೆಳಿಗ್ಗೆ ನೋಡಿದರೆ ಮೈನಸ್ 5. ಎರಡು ಮದುವೆಯ ಮಾಲು ಮೆತ್ತಗಾಗಿತ್ತು. ಚಿಕ್ಕಪ್ಪ ಕೆಲಸದ ಹುಡುಗನ ಮೇಲೆ ಎಗರಿದರು: "ಬಾಗಿಲು ತೆರೆದಿಟ್ಟಿದ್ದೀಯ!" ಅವನು ತಲೆ ತಗ್ಗಿಸಿ ನಿಂತಿದ್ದ.

ನಾನು ಮಾಡಿದ್ದನ್ನು ಕೇಳಿ ಮೆಕ್ಯಾನಿಕ್ ನಕ್ಕುಬಿಟ್ಟ. ಥರ್ಮೋಸ್ಟಾಟ್ ಗ್ಯಾಸ್ ಒಲೆಯಂತೆ ಹೆಚ್ಚು ಕಡಿಮೆ ಮಾಡುವ ತಿರುಗಣೆಯಲ್ಲ, ಬರೀ ಸ್ವಿಚ್ಚು. ಕೋಣೆಯ ಗಾಳಿ ಮೈನಸ್ 18 ತಲುಪಿದರೆ ಯಂತ್ರ ನಿಲ್ಲಿಸುತ್ತದೆ. ನಮ್ಮದರಲ್ಲಿ ಮೈನಸ್ 15ಕ್ಕೆ ಏರಿದಾಗ ಮತ್ತೆ ಶುರು. ಆ ಮೂರು ಡಿಗ್ರಿಯ ಅಂತರ ಬೇಕೇ ಬೇಕು. ಇಲ್ಲದಿದ್ದರೆ ಕಂಪ್ರೆಸರ್ ಗಳಿಗೆಗೊಮ್ಮೆ ನಿಂತು, ಹೊರಟು ಬೇಗ ಹಾಳಾಗುತ್ತದೆ. (ಆಫೀಸಿನಲ್ಲಿ ಸರ್ವರ್‌ಗಳನ್ನು ಏರಿಸಿ ಇಳಿಸುವುದಕ್ಕೆ ನಾವು ಎರಡು ಬೇರೆ ಬೇರೆ ಮಿತಿ ಇಡುವುದೂ ಇದಕ್ಕೇ. ಗೊತ್ತಿದ್ದೂ ಹೊಳೆಯಲಿಲ್ಲ.) ಮೈನಸ್ 12ರಲ್ಲಿ ಯಂತ್ರ ಆಗಲೇ ಪೂರ್ತಿ ಓಡುತ್ತಿತ್ತು. ಮೈನಸ್ 25 ಅಂದರೂ 40 ಅಂದರೂ ಅದು ಇನ್ನೇನು ಮಾಡೀತು?

ಆಮೇಲೆ ಅವನು ಒಳಗಿನ ಕಾಯಿಲ್ ತೋರಿಸಿದ. ಕಾಯಿಲ್ ಎಲ್ಲಿ, ಮಂಜಿನ ಗೋಡೆ! ಫ್ಯಾನ್ ತಿರುಗುತ್ತಿದ್ದರೂ ಗಾಳಿ ನುಸುಳಲು ಜಾಗವಿಲ್ಲ. ಬಾಗಿಲಿನ ರಬ್ಬರ್ ಕೆಳಗಡೆ ಹರಿದಿತ್ತು. ಅಲ್ಲಿಂದ ಮುಂಬಯಿಯ ತೇವದ ಗಾಳಿ ಒಳಗೆ ನುಗ್ಗಿ ಕಾಯಿಲಿನ ಮೇಲೆ ಹೆಪ್ಪುಗಟ್ಟುತ್ತಿತ್ತು. ದಿನಕ್ಕೆ ಕೆಲವು ಸಲ ಆ ಮಂಜನ್ನು ಕರಗಿಸಬೇಕಾದ ಹೀಟರ್ ಸುಟ್ಟುಹೋಗಿತ್ತು. ರಾತ್ರಿಯಿಡೀ ಓಡಿದ ಯಂತ್ರ ಮಂಜಿನ ಮೇಲೆ ಮಂಜು ಬೆಳೆಸಿತ್ತು, ಅಷ್ಟೇ.

"ರಬ್ಬರ್ ಹರಿದದ್ದು ಯುಗಾದಿ ಹೊತ್ತಿಗೇ ಹೇಳಿದ್ದೆ," ಅಂದ ಹುಡುಗ, ಮೆಲ್ಲಗೆ. "ಎರಡು ಸಲ."

ಚಿಕ್ಕಪ್ಪ ಮಾತಾಡಲಿಲ್ಲ. ಮೆತ್ತಗಾದದ್ದನ್ನು ಮತ್ತೆ ಗಟ್ಟಿ ಮಾಡಿದರೆ ಬಾಯಲ್ಲಿ ಮರಳಿನಂತೆ ಕರಕರ ಅನ್ನುತ್ತದೆ, ತಿನ್ನುವವರ ಹೊಟ್ಟೆಗೂ ಒಳ್ಳೆಯದಲ್ಲ, ಎಲ್ಲ ಚೆಲ್ಲಿದರು. ಅರ್ಧ ನಷ್ಟ ನಾನು ಕೊಡುತ್ತೇನೆಂದರೆ ಒಪ್ಪಲಿಲ್ಲ. ಹೊಸ ರಬ್ಬರ್ ತರಲು ಹುಡುಗನನ್ನೇ ಕಳಿಸಿದರು. ಅವನು ಹೊರಟಾಗ ಬಾಗಿಲವರೆಗೆ ಹೋಗಿ, "ತಪ್ಪು ನಂದು ಮಾರಾಯ, ಡಬ್ಬ ಸಾಗಿಸೋದು ಬೇಡ ಅಂದದ್ದು ನಾನು" ಅಂದೆ.

"ಗೊತ್ತುಂಟು," ಅಂದ. "ನಾನು ಅಲ್ಲೇ ಇದ್ದೆನಲ್ಲ."