ಕುರ್ಚಿ ಬಿಟ್ಟು ಚಾಪೆಗೆ ಇಳಿದ ಮೇಲೆ

ನಾನು ಕಾರ್ಪೊರೇಷನ್ ಶಾಲೆಗೆ ಟೀಚರಾಗಿ ಸೇರಿದಾಗ ಈ ಊರಿಗಿನ್ನೂ ಮದ್ರಾಸ್ ಎಂದೇ ಹೆಸರು. ನಮ್ಮ ಮನೆಮಾತು ಕನ್ನಡ, ಪಾಠ ಮಾಡಿದ್ದೆಲ್ಲ ತಮಿಳಿನಲ್ಲಿ. ಆ ಕಾಲದಲ್ಲಿ ಪ್ರೈಮರಿ ಶಾಲೆಯ ಶಿಕ್ಷಕಿ ಮುಂದೆ ಬರುವುದು ಎಂದರೆ ಇನ್ನೊಂದು ಡಿಗ್ರಿ ಸಂಪಾದಿಸುವುದು. ಹೆಚ್ಚಿನ ಪದವಿಗೆ ಪ್ರೋತ್ಸಾಹಕ ಇನ್‌ಕ್ರಿಮೆಂಟ್ ಇತ್ತು. ತಮಿಳುನಾಡು ಸರ್ಕಾರ ಅದನ್ನು ನಿಲ್ಲಿಸಿದ್ದು 2020ರಲ್ಲಿ. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಗಳ ಪಕ್ಕ ಮದ್ರಾಸ್ ವಿಶ್ವವಿದ್ಯಾಲಯದ ಅಂಚೆ ಶಿಕ್ಷಣದ ಪುಸ್ತಕಗಳು ಸದಾ ಇರುತ್ತಿದ್ದವು. ಟೀಚರ್ ಟ್ರೇನಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಎಷ್ಟೋ ಹೆಂಗಸರು ಹಾಗೆ ಓದಿಯೇ ಎಂ.ಎ. ಮಾಡಿಕೊಂಡರು. ಅವರ ಛಲದ ಮೇಲೆ ನನಗೆ ಇಂದಿಗೂ ಗೌರವವಿದೆ. ಆದರೆ ಚರಿತ್ರೆಯಲ್ಲಿ ಎಂ.ಎ. ಆದವರ ಎರಡನೇ ತರಗತಿಯ ಪಾಠ ಎಳ್ಳಷ್ಟೂ ಬದಲಾಗುತ್ತಿರಲಿಲ್ಲ.

ಅದು ಬಿಟ್ಟರೆ ನಮಗಿದ್ದ ಗುರಿ ಇನ್‌ಸ್ಪೆಕ್ಷನ್ ಒಂದೇ. ಸಹಾಯಕ ಶಿಕ್ಷಣಾಧಿಕಾರಿ (ಎಇಒ) ಬರುವ ಹೊತ್ತಿಗೆ ಪಾಠ ಟಿಪ್ಪಣಿ ಬರೆದು, ಪೋರ್ಷನ್ ಮುಗಿಸಿರಬೇಕು. ಮುಗಿದದ್ದು ಯಾರ ತಲೆಗೆ ಹೋಯಿತು ಎಂಬ ಪ್ರಶ್ನೆ ಆ ಟಿಪ್ಪಣಿ ಪುಸ್ತಕದ ಯಾವ ಕಲಮಿನಲ್ಲೂ ಇರಲಿಲ್ಲ.

2003ರಲ್ಲಿ ಇದು ಅಲುಗಾಡಿತು. ಆಗ ಚೆನ್ನೈ ಕಾರ್ಪೊರೇಷನ್ನಿನ ಕಮಿಷನರ್ ಆಗಿದ್ದ ಎಂ.ಪಿ. ವಿಜಯಕುಮಾರ್ ಅವರು ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳ ಪದ್ಧತಿಯನ್ನು ಮೊದಲು 13 ಶಾಲೆಗಳಿಗೆ ತಂದರು. 2007ರ ಹೊತ್ತಿಗೆ ಅದು ಚಟುವಟಿಕೆ ಆಧಾರಿತ ಕಲಿಕೆ ಎಂಬ ಹೆಸರಿನಲ್ಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ನನಗೆ ಅದು ಪೂರ್ತಿ ಹೊಸದಾಗಿರಲಿಲ್ಲ. ಮೈಸೂರು ಕಡೆ ಟೀಚರಾಗಿದ್ದ ನನ್ನ ದೊಡ್ಡಮ್ಮನ ಮಗಳು ನಲಿ-ಕಲಿಯ ಬಗ್ಗೆ ಮೊದಲೇ ಹೇಳಿದ್ದಳು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಗೂ ರಿಷಿ ವ್ಯಾಲಿಯೇ ಮೂಲ. "ಕುರ್ಚಿ ಮೇಲೆ ಕೂತ್ರೆ ಮಕ್ಕಳ ಸ್ಲೇಟು ಕಾಣಲ್ಲ ಕಣೇ, ಕೆಳಗಿಳಿ" ಎಂದಿದ್ದಳು ಅಕ್ಕ.

ನಿಜವಾಗಿಯೂ ಕೆಳಗಿಳಿದೆವು. ಬೆಂಚುಗಳು ಹೋದವು, ಚಾಪೆಗಳು ಬಂದವು. ಗೋಡೆಯ ಕೆಳಭಾಗಕ್ಕೆ ಸುತ್ತಲೂ ಕಪ್ಪು ಹಲಗೆ. ಪ್ರತಿ ಮಗುವಿಗೂ ಅದರಲ್ಲಿ ಒಂದು ತುಂಡು ಜಾಗ. ತಲೆಯ ಮೇಲೆ ತಂತಿ ಕಟ್ಟಿ ಮಕ್ಕಳ ಚಿತ್ರ, ಬರಹ ತೂಗುಹಾಕಿದೆವು. ಗೋಡೆಯಲ್ಲಿ ಕಲಿಕೆಯ ಏಣಿ, ಟ್ರೇಗಳಲ್ಲಿ ಕಾರ್ಡು. ಮಗು ತಾನು ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ನೋಡಿಕೊಂಡು, ಆ ಮೆಟ್ಟಿಲಿನ ಚಿತ್ರವಿರುವ ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಹೋಗುತ್ತಿತ್ತು. ನಾಲ್ಕು ದಿನ ಜ್ವರ ಬಂದು ಮಲಗಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದಿತ್ತು. ಇಡೀ ಪದ್ಧತಿಯಲ್ಲಿ ನನಗೆ ಅತಿ ದೊಡ್ಡದಾಗಿ ಕಂಡದ್ದು ಇದು. ಅಪ್ಪ ಅಮ್ಮ ಕೂಲಿಗೆ ಹೋಗುವ ಮನೆಗಳಿಂದ ಬರುವ ಮಕ್ಕಳು ಶಾಲೆ ತಪ್ಪಿಸುವುದು ಸಾಮಾನ್ಯ. ಹಳೆಯ ತರಗತಿ ಅವರಿಗಾಗಿ ಕಾಯುತ್ತಲೇ ಇರಲಿಲ್ಲ.

ಏಣಿ ಮಕ್ಕಳಿಗೆಂದು ಬಂದದ್ದು. ನಮ್ಮ ಕೆಲಸಕ್ಕೂ ಅದು ದಾರಿ ತೋರಿಸಿತು. ಯಾವ ಮೆಟ್ಟಿಲಲ್ಲಿ ಮಕ್ಕಳು ಗುಂಪಾಗಿ ನಿಂತಿದ್ದಾರೋ ಅಲ್ಲಿ ಟೀಚರ್ ಕಲಿಯುವುದಿದೆ ಎಂದು ಅರ್ಥ. ನನ್ನ ತರಗತಿಯಲ್ಲಿ ಅವರು ನಿಲ್ಲುತ್ತಿದ್ದದ್ದು ದಶಕ ಬಿಡಿಸಿ ಕಳೆಯುವ ಲೆಕ್ಕದಲ್ಲಿ. 42ರಲ್ಲಿ 17 ಕಳೆ ಎಂದರೆ 35 ಎಂದು ಬರೆಯುತ್ತಿದ್ದರು. ಎರಡರಿಂದ ಏಳು ಹೋಗುವುದಿಲ್ಲ, ಹಾಗಾಗಿ ಏಳರಿಂದ ಎರಡು ತೆಗೆದುಬಿಡುವುದು. ಆ ಅವಧಿಗೆ ನನ್ನ ಗುರಿ ಇದೊಂದೇ ಎಂದು ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಬರೆದೆ. ಬೆಂಕಿಕಡ್ಡಿಗಳನ್ನು ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟು, ಪಕ್ಕದಲ್ಲಿ ಕೂತು ನೋಡಿದೆ. ಮಕ್ಕಳು ಬಿಡಿ ಕಡ್ಡಿಗಳನ್ನು ಸಲೀಸಾಗಿ ಎಣಿಸುತ್ತಿದ್ದರು, ಕಟ್ಟನ್ನು ಮಾತ್ರ ಬಿಚ್ಚುತ್ತಿರಲಿಲ್ಲ. ಟೀಚರ್ ಕಟ್ಟಿಕೊಟ್ಟದ್ದನ್ನು ಬಿಚ್ಚಬಾರದು ಎಂದು ಅವರ ಎಣಿಕೆ! ಆಮೇಲೆ ಕಟ್ಟು ಕಟ್ಟುವ ಕೆಲಸವನ್ನೂ ಅವರಿಗೇ ಬಿಟ್ಟೆ. ತಾವೇ ಕಟ್ಟಿದ್ದನ್ನು ತಾವೇ ಬಿಚ್ಚಿದರು, ಲೆಕ್ಕ ತಿಳಿಯಿತು. ಇದನ್ನು ಯಾವ ಅಧಿಕಾರಿಯೂ ನನಗೆ ಗುರಿಯಾಗಿ ಕೊಡಲು ಸಾಧ್ಯವಿರಲಿಲ್ಲ. ಆ ಚಾಪೆಯ ಮೇಲೆ ಕೂತವರಿಗಷ್ಟೇ ಅದು ಕಾಣುವಂಥದ್ದು.

ನಿವೃತ್ತಿಯ ಅಂಚಿನಲ್ಲಿದ್ದ ನಮ್ಮ ಹಿರಿಯ ಟೀಚರೊಬ್ಬರು ಇನ್ನೊಂದು ಗುರಿ ಹಿಡಿದರು: ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸುವುದು. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ ಇದನ್ನು ಬಹಳ ಹಿಂದೆಯೇ ಅಳೆದಿದ್ದರು. ಪ್ರಶ್ನೆ ಕೇಳಿ ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡು ಮಾತ್ರ. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿಬಿಡುತ್ತಾರೆ. ಆ ಟೀಚರಿಗೆ ಈ ಅಧ್ಯಯನದ ವಿಷಯ ಗೊತ್ತಿರಲಿಲ್ಲ. "ಅವಸರ ಮಾಡಿ ನಾನೇ ಉತ್ತರ ಹೇಳಿಬಿಡ್ತೀನಮ್ಮಾ, ಅದನ್ನ ಬಿಡಬೇಕು" ಎಂದಷ್ಟೇ ಹೇಳಿದರು. ಮೂವತ್ತು ವರ್ಷ ಪಾಠ ಮಾಡಿದವರು ಹೊಸಬರ ಎದುರು ಹಾಗೆ ಹೇಳಿಕೊಂಡದ್ದು ನಮ್ಮ ಶಾಲೆಯ ಗಾಳಿಯನ್ನೇ ಬದಲಿಸಿತು. ಊಟದ ಹೊತ್ತಿನಲ್ಲಿ "ಈ ಸಲ ನಿನ್ನದೇನು?" ಎಂದು ಒಬ್ಬರನ್ನೊಬ್ಬರು ಕೇಳತೊಡಗಿದೆವು.

2012–13ರಲ್ಲಿ ವರ್ಷಕ್ಕೆ ಮೂರು ಅವಧಿಗಳ ಪದ್ಧತಿ ಬಂದಾಗ ಹೀಗೆ ಗುರಿ ಆರಿಸಿಕೊಳ್ಳುವುದು ಇನ್ನೂ ಸುಲಭವಾಯಿತು: ಅವಧಿಗೊಂದು ಪ್ರಶ್ನೆ. ಕೊರೊನಾ ನಂತರ, 2022ರಲ್ಲಿ, ಎಣ್ಣುಂ ಎಳುತ್ತುಂ ಯೋಜನೆ ಬಂತು. ಸುಮಾರು ಎರಡು ವರ್ಷ ಶಾಲೆ ಕಾಣದ ಮಕ್ಕಳನ್ನು ಅವರವರ ಮಟ್ಟದಿಂದ ಕೈಹಿಡಿದು ನಡೆಸುವ ಆ ಯೋಜನೆಯ ಉದ್ದೇಶವನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಆದರೆ ಮಕ್ಕಳ ಅಂಕಗಳು ಆ್ಯಪ್‌ಗೆ ಹೋಗತೊಡಗಿದ ಮೇಲೆ ನಮ್ಮ ಮಾತು ಮತ್ತೆ "ತುಂಬಿಯಾಯಿತಾ?" ಎಂಬಲ್ಲಿಗೆ ಬಂದು ನಿಂತಿದೆ. ಅಂಕಿ ಬೇಕು. ಅದರ ಜೊತೆಗೆ, ತಿಂಗಳ ಸಭೆಯಲ್ಲಿ ಒಂದು ಗಂಟೆಯನ್ನಾದರೂ ಶಿಕ್ಷಕರು ತಾವೇ ಆರಿಸಿಕೊಂಡ ಪ್ರಶ್ನೆಗೆ ಬಿಟ್ಟುಕೊಡಬೇಕು. ತರಬೇತಿಗೆ ಸುರಿಯುವ ಹಣದಲ್ಲಿ ಇದಕ್ಕಿಂತ ಅಗ್ಗವಾದದ್ದು ನನಗೆ ಕಾಣುವುದಿಲ್ಲ.

ಈಗ ನನ್ನ ಪ್ರಶ್ನೆ ಬೇರೆ. ಕಟ್ಟಡ ಕೆಲಸಕ್ಕೆ ಬಿಹಾರ, ಒಡಿಶಾದಿಂದ ಬಂದವರ ಮಕ್ಕಳು ನಮ್ಮ ತರಗತಿಗಳಲ್ಲಿ ಕೂತಿದ್ದಾರೆ. ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ ಎಂಬ ಸ್ಥಿತಿ ನನಗೆ ಬಾಲ್ಯದಿಂದಲೇ ಗೊತ್ತು. ಕತೆಯನ್ನು ಮೊದಲು ಅವರ ಭಾಷೆಯಲ್ಲೇ ಹೇಳಿಸಿ, ಆಮೇಲೆ ತಮಿಳಿನಲ್ಲಿ ಹೇಳಿಸಿದರೆ ತಮಿಳು ಬೇಗ ಬರುತ್ತದೆಯೇ ಎಂದು ಅರ್ಧವಾರ್ಷಿಕ ಪರೀಕ್ಷೆಯವರೆಗೆ ನೋಡಬೇಕೆಂದಿದ್ದೇನೆ. ಅದಕ್ಕೆ ನನಗೆ ಸ್ವಲ್ಪ ಹಿಂದಿ, ಸ್ವಲ್ಪ ಒಡಿಯಾ ಬೇಕು. ಹಿಂದಿಯನ್ನು ನಾಲ್ಕನೇ ತರಗತಿಯ ಒಬ್ಬ ಹುಡುಗಿ ಕಲಿಸುತ್ತಿದ್ದಾಳೆ. ಒಡಿಯಾಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.