ತಪ್ಪು ಪ್ಲಾಟಿನಮ್‌ದಲ್ಲ

ಎಂಟನೇ ಸೆಮಿಸ್ಟರಿಗೆ ನಾವು ನಾಲ್ವರು ತಗೊಂಡ ಪ್ರಾಜೆಕ್ಟ್: ಹೈಡ್ರೋಜನ್ ಫ್ಯೂಯಲ್ ಸೆಲ್‌ನ ಕ್ಯಾಟಲಿಸ್ಟ್ ಎಷ್ಟು ದಿನ ಬಾಳುತ್ತೆ? ಹೆಸರು ಭಾರಿ, ಕೆಲಸ ಸರಳ. ಇಂಗಾಲದ ಪುಡಿಯ ಮೇಲೆ ಕೂರಿಸಿದ ಪ್ಲಾಟಿನಮ್ ಕಣಗಳನ್ನು ಆಮ್ಲದಲ್ಲಿ ಮುಳುಗಿಸಿ, ವೋಲ್ಟೇಜನ್ನು 1.0ರಿಂದ 1.5ಕ್ಕೆ ಏರಿಸಿ ಇಳಿಸುತ್ತಾ ಇರೋದು. ಗಾಡಿ ಆಫ್ ಮಾಡಿ ಆನ್ ಮಾಡುವಾಗ ಸೆಲ್ಲಿನೊಳಗೆ ವೋಲ್ಟೇಜ್ ಒಂದು ಕ್ಷಣ ಹೀಗೇ ಜಿಗಿಯುತ್ತೆ.

ಮೊದಲ ದಿನದ ಗ್ರಾಫ್ ಚೆಂದ ಬಂತು. ಸಾವಿರ ಸುತ್ತು ಮುಗಿದಾಗ ಕೆಲಸ ಮಾಡುವ ಮೇಲ್ಮೈಯಲ್ಲಿ ಮೂರನೇ ಒಂದು ಭಾಗ ಮಾಯ! ರಿವ್ಯೂಗೆ ನಾಲ್ಕೇ ದಿನ. "ಮೊದಲ ನೂರು ಸುತ್ತಿನ ಗ್ರಾಫ್ ಮಾತ್ರ ಹಾಕೋಣ, ಯಾರು ಕೇಳ್ತಾರೆ?" ಅಂತ ತೀರ್ಮಾನ ಮಾಡಿ, ಭಾನುವಾರ ಗೆಳೆಯನ ಊರು ಚನ್ನಪಟ್ಟಣಕ್ಕೆ ಊಟಕ್ಕೆ ಹೋದೆವು.

ಅವನ ತಂದೆ ಗೊಂಬೆ ಮಾಡುವವರು. ಲೇತಿನಲ್ಲಿ ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತೆ. ಮೂಲೆಯಲ್ಲಿ ಬಣ್ಣ ಎದ್ದುಹೋದ ಬುಗುರಿಗಳು ಬಿದ್ದಿದ್ದವು.

"ಅರಗು ಸರಿ ಇರ್ಲಿಲ್ವಾ ಅಂಕಲ್?"

"ಅರಗಿಂದೇನ್ ತಪ್ಪು? ಮರ ಸರಿಯಾಗ್ ಒಣಗಿರ್ಲಿಲ್ಲ. ಮೊದಲ್ನೇ ದಿನ ಎಲ್ಲಾ ಬುಗುರಿನೂ ಹೊಳೀತದೆ ಕಣ್ರಪ್ಪಾ."

ನಾವು ಮುಖ ಮುಖ ನೋಡಿಕೊಂಡೆವು. ಅಲ್ಲಿವರೆಗೆ ಬೈದಿದ್ದೆಲ್ಲ ಪ್ಲಾಟಿನಮ್‌ಗೆ. ಅದೂ ಸಾಧು ಅಲ್ಲ, ನಿಜ: ಕೆಲವೇ ನ್ಯಾನೋಮೀಟರಿನ ಸಣ್ಣ ಕಣಗಳು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತವೆ, ಮೇಲ್ಮೈ ಕುಗ್ಗುತ್ತೆ. ಆದರೆ ನಾವು ಕೊಟ್ಟ ವೋಲ್ಟೇಜಿಗೆ ಕೆಳಗಿನ ಇಂಗಾಲವೇ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತೆ. ಕೂತ ನೆಲವೇ ಕುಸಿದರೆ ಪ್ಲಾಟಿನಮ್ ಎಲ್ಲಿ ನಿಲ್ಲಬೇಕು?

ಅದಕ್ಕೇ ಬಾಳಿಕೆ ಹೆಚ್ಚಿಸುವವರು ನೆಲವನ್ನೂ ಗಟ್ಟಿ ಮಾಡುತ್ತಾರೆ. ತುಂಬಾ ಬಿಸಿ ಮಾಡಿ ಗ್ರಾಫೈಟಿನಂತೆ ಪದರ ಜೋಡಿಸಿದ ಇಂಗಾಲ ನಿಧಾನವಾಗಿ ಸವೆಯುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗಡೆಯವರ ತಂಡ ವಾಹನದ ಹೊಗೆ ಶುದ್ಧಿಗಾಗಿ ಇನ್ನೊಂದು ದಾರಿ ಹಿಡಿದಿತ್ತು: ಪ್ಲಾಟಿನಮ್ಮನ್ನು ಮೇಲೆ ಕೂರಿಸುವ ಬದಲು, ಅಯಾನುಗಳಾಗಿ ಸೀರಿಯಮ್ ಆಕ್ಸೈಡಿನ ಹರಳಿನೊಳಗೇ ಸೇರಿಸುವುದು. ನಮ್ಮ ಆಮ್ಲಕ್ಕೆ ಅದು ನೇರ ಹೊಂದಲ್ಲ, ಆದರೆ ಯೋಚನೆ ಒಂದೇ: ಹಿಡಿತ ಗಟ್ಟಿ ಇರಬೇಕು.

ರಿವ್ಯೂನಲ್ಲಿ ಸಾವಿರ ಸುತ್ತಿನ ಗ್ರಾಫನ್ನೇ ಹಾಕಿದೆವು. "ಯಾಕೆ ಇಷ್ಟು ಇಳೀತು?" ಅಂದರು ಗೈಡ್. ಹೇಳಲು ನಮ್ಮ ಹತ್ತಿರ ಉತ್ತರ ಇತ್ತು. ಈಗ ಗ್ರಾಫೈಟ್ ಮಾದರಿಯ ಇಂಗಾಲದ ಮೇಲೆ ಅದೇ ಸಾವಿರ ಸುತ್ತು ಓಡುತ್ತಿದೆ. ಮೊದಲ ದಿನದ ಗ್ರಾಫ್ ಚೆಂದವಾಗಿಯೇ ಬಂದಿದೆ. ಆದರೂ ನಾವಿನ್ನೂ ಯಾರಿಗೂ ತೋರಿಸಿಲ್ಲ.